ಅಡುಗೆ ಸೋಡಾ ಮತ್ತು ಕುಸ್ತಿಯ ದಮ್ಮು

ಅಡುಗೆ ಸೋಡಾ ಎಂದು ಮನೆಮನೆಯಲ್ಲೂ ಪರಿಚಿತವಾದ ಸೋಡಿಯಂ ಬೈಕಾರ್ಬೊನೇಟ್, ಅರ್ಧ ನಿಮಿಷದಿಂದ ಹನ್ನೆರಡು ನಿಮಿಷದೊಳಗೆ ಮುಗಿಯುವ ತೀವ್ರ ಸೆಣಸಾಟದಲ್ಲಿ ದಣಿವನ್ನು ತುಸು ಮುಂದೂಡುವ ಕ್ರೀಡಾ ಪೂರಕ. ಪೂರ್ತಿ ಬಲ ಹಾಕಿ ಸೆಣಸುವಾಗ ಸ್ನಾಯು ಆಮ್ಲಜನಕಕ್ಕೆ ಕಾಯದೆ ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುತ್ತದೆ. ಆಗ ಹೈಡ್ರೋಜನ್ ಅಯಾನುಗಳು ಕೂಡಿಕೊಂಡು ಆಮ್ಲೀಯತೆ ಏರುತ್ತದೆ. ಸೋಡಾ ಕೆಲಸ ಮಾಡುವುದು ಸ್ನಾಯುವಿನೊಳಗಲ್ಲ, ರಕ್ತದಲ್ಲಿ. ಲೀಟರಿಗೆ ಸುಮಾರು 24 ಮಿಲಿಮೋಲ್ ಇರುವ ಬೈಕಾರ್ಬೊನೇಟನ್ನು ಅದು ಐದಾರು ಮಿಲಿಮೋಲ್ ಏರಿಸುತ್ತದೆ. ಇದರಿಂದ ಆ ಅಯಾನುಗಳು ಸ್ನಾಯುವಿನಿಂದ ಬೇಗ ಹೊರಬೀಳುತ್ತವೆ.

ಅಥಣಿ ತಾಲ್ಲೂಕಿನ ಐಗಳಿಯ ಸುತ್ತಲಿನ ಗಡಿಸೀಮೆಯಲ್ಲಿ ಇದರ ಬೆಲೆ ಕಟ್ಟಲು ತಕ್ಕ ಆಟ ಕುಸ್ತಿ. ಮ್ಯಾಟ್ ಕುಸ್ತಿಯಲ್ಲಿ ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. ಸೋಡಾ ನೆರವಾಗುವ ಅವಧಿಯೂ ಇಂಥದ್ದೇ. ಬ್ರೆಜಿಲ್‌ನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸೋಡಾ ಸೇವಿಸಿದ ಜೂಡೋ ಪಟುಗಳು ಹೆಚ್ಚು ಎಸೆತಗಳನ್ನು ಹಾಕಿದರು. ಜಾತ್ರೆಯ ಜಂಗಿ ನಿಕಾಲಿ ಕುಸ್ತಿಯ ಮಾತು ಬೇರೆ. ಅಲ್ಲಿ ಚಿತ್ ಆಗುವತನಕ ಕಾದಾಟ, ಜೋಡಿಯ ಸರದಿ ಎಷ್ಟು ಹೊತ್ತಿಗೆ ಬರುತ್ತದೆಂಬ ಖಾತ್ರಿಯೂ ಇಲ್ಲ. ಗಂಟೆ ಲೆಕ್ಕ ಹಾಕಿ ಸೇವಿಸಬೇಕಾದ ಪುಡಿ ಅಲ್ಲಿಗೆ ಹೊಂದದು. ಇನ್ನು, 2020ರಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು 13.62 ಸೆಕೆಂಡಿನಲ್ಲಿ ಮುಗಿಸಿದ 142.5 ಮೀಟರಿನಂಥ ಓಟ ಸೋಡಾದ ನೆರವಿಗೆ ತೀರಾ ಚಿಕ್ಕದು.

ದಣಿವಿಗೆ ಆಮ್ಲವೇ ಕಾರಣವೆಂಬುದು ಹಳೆಯ ನಂಬಿಕೆ, ಆದ್ದರಿಂದ ಸೋಡಾದ ಮಾತೂ ಬಿದ್ದುಹೋಗಬೇಕಲ್ಲವೇ ಎಂಬ ಆಕ್ಷೇಪವಿದೆ. ಅರ್ಧ ಸತ್ಯವಿದು. ಸ್ನಾಯು ಸೋಲಲು ಫಾಸ್ಫೇಟ್ ಶೇಖರಣೆಯಂಥ ಬೇರೆ ಕಾರಣಗಳೂ ಇವೆ. ಆದರೆ ಪರಿಣಾಮದ ಸಾಕ್ಷ್ಯ ಆ ಸಿದ್ಧಾಂತದ ಮೇಲೆ ನಿಂತಿಲ್ಲ: ಹಾರ್ವರ್ಡ್‌ನಲ್ಲಿ 1930ರ ದಶಕದಲ್ಲೇ ಶುರುವಾದ ಪ್ರಯೋಗಗಳ ಸಾಲಿನಲ್ಲಿ ಹೋಲಿಕೆಗೆ ಉಪ್ಪು ಕೊಟ್ಟು ನಡೆಸಿದವೂ ಇವೆ, ಒಟ್ಟಾರೆ ಲಾಭ ಶೇಕಡಾ ಎರಡರ ಆಸುಪಾಸಿನದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ 2018ರ ಹೇಳಿಕೆ ಸಾಕ್ಷ್ಯವುಳ್ಳ ಕೆಲವೇ ಪೂರಕಗಳಲ್ಲಿ ಇದನ್ನೂ ಎಣಿಸಿದೆ. ಸಮಬಲರಿಬ್ಬರ ಕೊನೆಯ ನಿಮಿಷದಲ್ಲಿ ಶೇಕಡಾ ಎರಡು ಕಡಿಮೆಯೇನಲ್ಲ; ತಾಲೀಮಿನಲ್ಲಿ ಹಿಂದುಳಿದವನನ್ನು ಮಾತ್ರ ಅದು ಎತ್ತಿ ನಿಲ್ಲಿಸದು.

ಹೆಚ್ಚು ತೂಕವುಳ್ಳ ಆಕ್ಷೇಪ ಹೊಟ್ಟೆಯದು. ದೇಹತೂಕದ ಕಿಲೋಗೆ 0.2ರಿಂದ 0.3 ಗ್ರಾಂ, ಪಂದ್ಯಕ್ಕೆ ಒಂದರಿಂದ ಮೂರು ಗಂಟೆ ಮೊದಲು ಎಂಬುದು ವಾಡಿಕೆಯ ಪ್ರಮಾಣ. 70 ಕಿಲೋ ಪೈಲ್ವಾನನಿಗೆ ಅದು 21 ಗ್ರಾಂವರೆಗೆ ಹೋಗುತ್ತದೆ. ಹೊಟ್ಟೆಯುಬ್ಬರ, ವಾಂತಿ, ಭೇದಿ ಸಾಮಾನ್ಯ. ಊಟದೊಂದಿಗೆ ಸ್ವಲ್ಪಸ್ವಲ್ಪವಾಗಿ ತೆಗೆದುಕೊಂಡರೆ ಕಡಿಮೆಯಾಗುತ್ತವೆ, ಪೂರ್ತಿ ನಿಲ್ಲುತ್ತವೆಂಬ ಭರವಸೆಯಿಲ್ಲ. ಅಡುಗೆಗೆ ಬಳಸುವ ವಸ್ತುವಾದ್ದರಿಂದ ಅಪಾಯವಿಲ್ಲ ಎಂಬ ವಾದವಂತೂ ಪೂರಾ ತಪ್ಪು: ಆ 21 ಗ್ರಾಂನಲ್ಲಿ ಸುಮಾರು 5.7 ಗ್ರಾಂ ಸೋಡಿಯಂ ಇದೆ, ವಿಶ್ವ ಆರೋಗ್ಯ ಸಂಸ್ಥೆಯ ದಿನದ ಮಿತಿ 2 ಗ್ರಾಂ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆಯಿದ್ದವರು ಇದನ್ನು ಮುಟ್ಟಬಾರದು. ಬಟ್ಟೆ ತೊಳೆಯುವ ಸೋಡಾ ಬೇರೆಯೇ ವಸ್ತು, ಹೊಟ್ಟೆಗೆ ಹೋದರೆ ಸುಡುತ್ತದೆ. ಸೋಡಾ ಉದ್ದೀಪನ ಮದ್ದಿನ ನಿಷೇಧ ಪಟ್ಟಿಯಲ್ಲಿಲ್ಲ. ಆದರೂ ಗರಡಿಯ ಉಸ್ತಾದರು ಎಳೆಯ ಹುಡುಗರ ಕೈಗೆ ಇದನ್ನು ಕೊಡಬಾರದು, ಬೆಳೆದ ಪೈಲ್ವಾನನೂ ವೈದ್ಯರನ್ನು ಕೇಳದೆ, ತಾಲೀಮಿನ ದಿನ ಹೊಟ್ಟೆಗೆ ಒಗ್ಗುವುದೇ ಎಂದು ನೋಡದೆ ಪಂದ್ಯದ ದಿನ ಬಳಸಬಾರದು.