ಕರಿ ತಟ್ಟೆಯಲ್ಲಿ ಬಂದ ಹಾಡು: ನಮ್ಮ ಸೀಮೆಯ ಗ್ರಾಮಾಫೋನ್ ಕಾಲ

ಸುವರ್ಣ ಮಹೋತ್ಸವದ ಸಂಚಿಕೆ ಎಂದ ಮೇಲೆ ಊರಿನ ಇತಿಹಾಸದ ಒಂದು ಲೇಖನ ಇರಲೇಬೇಕು. ರೋಣ, ನರಗುಂದ, ಗಜೇಂದ್ರಗಡ ಸೀಮೆಗೆ ಇತಿಹಾಸದ ಬರವೇನೂ ಇಲ್ಲ. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ನರಗುಂದದ ಬಾಬಾಸಾಹೇಬರು, 1980ರ ರೈತ ಬಂಡಾಯ, ಗಜೇಂದ್ರಗಡದ ಕೋಟೆ, ಕಾಲಕಾಲೇಶ್ವರನ ಗುಡ್ಡ, ಸೂಡಿಯ ಜೋಡು ಕಳಸದ ಗುಡಿ, ಇವುಗಳ ಬಗ್ಗೆ ಬಲ್ಲವರು ಬರೆದಿದ್ದಾರೆ, ಇನ್ನೂ ಬರೆಯುತ್ತಾರೆ.

ಆದರೆ ಹೊಲದಿಂದ ಬಂದು ಕೈಕಾಲು ತೊಳೆದು, ಚಹಾ ಕುಡಿದು, ಕಟ್ಟೆಯ ಮೇಲೆ ಕುಳಿತವರ ಕಿವಿಗೆ ಬಿದ್ದ ಹಾಡಿಗೂ ಒಂದು ಇತಿಹಾಸವಿದೆ. ಆ ಹಾಡು ಬಹಳ ವರ್ಷ ಕರಿ ತಟ್ಟೆಯಲ್ಲಿ ಬಂದಿತು. ಗ್ರಾಮಾಫೋನಿನ ಚರಿತ್ರೆಯಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸುಗಳ ಹೆಸರು ಮೊದಲು ಬರುತ್ತದೆ. ಅದೇ ಚರಿತ್ರೆಯಲ್ಲಿ ನಮ್ಮ ಸೀಮೆಗೂ ದೊಡ್ಡ ಪಾಲಿದೆ ಎಂಬುದನ್ನು ಈಗಿನ ವಿದ್ಯಾರ್ಥಿಗಳಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಅರಗಿನ ತಟ್ಟೆ

1877ರಲ್ಲಿ ಅಮೆರಿಕದ ಎಡಿಸನ್ ದನಿಯನ್ನು ಹಿಡಿದಿಡುವ ಫೋನೋಗ್ರಾಫ್ ಯಂತ್ರ ಮಾಡಿದ. ಅದರಲ್ಲಿ ದನಿ ಉರುಳೆಯ ಮೇಲೆ ಮೂಡುತ್ತಿತ್ತು. ಹತ್ತು ವರ್ಷದ ಮೇಲೆ ಎಮಿಲ್ ಬರ್ಲಿನರ್ ಎಂಬಾತ ಉರುಳೆಯ ಬದಲು ಚಪ್ಪಟೆ ತಟ್ಟೆಯನ್ನು ತಂದ. ಒಂದು ಅಚ್ಚಿನಿಂದ ಸಾವಿರಾರು ತಟ್ಟೆ ಒತ್ತಬಹುದಾದ್ದರಿಂದ ಹಾಡು ಅಂಗಡಿಯಲ್ಲಿ ಮಾರುವ ಸರಕಾಯಿತು. 1902ರಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡು ಮುದ್ರಿಸಿದ. ಅಚ್ಚು ಒತ್ತುವುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡು ಎಂದು ತಿಳಿಯಲೆಂದು ಹಾಡಿನ ಕೊನೆಗೆ ಕಲಾವಿದರು ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಆ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಆ ಕಾಲದ ತಟ್ಟೆ ಪ್ಲಾಸ್ಟಿಕ್ಕಿನದಲ್ಲ. ಅರಗಿನ ಹುಳದಿಂದ ಸಿಗುವ ಅರಗಿಗೆ ಕಲ್ಲಿನ ಪುಡಿ ಬೆರೆಸಿ ಮಾಡುತ್ತಿದ್ದರು. ಆ ಅರಗಿನ ಬಹುಪಾಲು ನಮ್ಮ ದೇಶದ ಕಾಡುಗಳದೇ. ಕೈ ಜಾರಿದರೆ ಮಣ್ಣಿನ ಗಡಿಗೆಯಂತೆ ಒಡೆಯುತ್ತಿತ್ತು. ಪೆಟ್ಟಿಗೆಗೆ ಕರೆಂಟೂ ಬೇಕಿರಲಿಲ್ಲ. ಕೀಲಿ ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತಿತ್ತು, ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಉಕ್ಕಿನ ಮುಳ್ಳು ಒಂದು ಮಗ್ಗಲು ಮುಗಿಯುವುದರೊಳಗೆ ಸವೆಯುತ್ತಿದ್ದರಿಂದ ಪ್ರತಿ ಸಲ ಹೊಸ ಮುಳ್ಳು ಹಾಕಬೇಕು. ಹತ್ತು ಇಂಚಿನ ತಟ್ಟೆಯ ಒಂದು ಮಗ್ಗಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಬೈಠಕ್ಕಿನಲ್ಲಿ ಗಂಟೆಗಟ್ಟಲೆ ಹಾಡುವ ರಾಗವನ್ನು ಉಸ್ತಾದರು, ಪಂಡಿತರು ಆ ಮೂರು ನಿಮಿಷದಲ್ಲಿ ತೂಗಿ ಇಡಬೇಕಾಗಿತ್ತು.

ಅದಕ್ಕಿಂತ ಮುಂಚೆ ಒಳ್ಳೆಯ ಹಾಡು ಕೇಳಬೇಕೆಂದರೆ ದರ್ಬಾರಿಗೆ, ಮಠಕ್ಕೆ ಅಥವಾ ಗುರುವಿನ ಮನೆಗೆ ಪ್ರವೇಶ ಇರಬೇಕಿತ್ತು. ಇಲ್ಲವೇ ಕಂಪನಿ ನಾಟಕ ಊರಿಗೆ ಬರುವ ತನಕ ಕಾಯಬೇಕಿತ್ತು. ನಮ್ಮ ಭಾಗದಲ್ಲಿ ಗದಗಿನ ಗರುಡ ಸದಾಶಿವರಾಯರ, ಶಿರಹಟ್ಟಿ ವೆಂಕೋಬರಾಯರ ಕಂಪನಿಗಳು ರಂಗಗೀತೆಯನ್ನು ಮನೆಮಾತು ಮಾಡಿದ್ದವು. ಗ್ರಾಮಾಫೋನ್ ಕೊಳ್ಳುವುದು ಉಳ್ಳವರಿಗೆ ಮಾತ್ರ ಸಾಧ್ಯವಿತ್ತು. ಆದರೆ ಕೇಳುವುದಕ್ಕೆ ದುಡ್ಡು ಬೇಕಿರಲಿಲ್ಲ. ಅಂಗಡಿಯವರು ಗಿರಾಕಿಯನ್ನು ಕರೆಯಲೆಂದು ರೆಕಾರ್ಡು ಹಚ್ಚಿದರೆ, ಬೀದಿಯಲ್ಲಿ ನಿಂತ ಯಾರೂ ಕೇಳಬಹುದಾಗಿತ್ತು.

ರೋಣದಲ್ಲಿ ಹುಟ್ಟಿದ ಹುಡುಗ

ಹಾಗೆ ನಿಂತು ಕೇಳಿದ ಒಬ್ಬ ಹುಡುಗನ ಕಥೆ ಲೋಕಕ್ಕೆಲ್ಲ ಗೊತ್ತು. ಭೀಮಸೇನ ಜೋಶಿಯವರು ಹುಟ್ಟಿದ್ದು 1922ರ ಫೆಬ್ರುವರಿ 4ರಂದು, ಆಗಿನ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ರೋಣದಲ್ಲಿ. ಬೆಳೆದದ್ದು ಗದಗಿನಲ್ಲಿ. ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಬೀದಿಯಲ್ಲಿ ಭಜನೆ ಹೊರಟರೆ, ಬ್ಯಾಂಡು ಹೊರಟರೆ ಹುಡುಗ ಅದರ ಬೆನ್ನು ಹತ್ತಿ ಹೋಗಿಬಿಡುತ್ತಿದ್ದ. ದಣಿದು ಎಲ್ಲೋ ಮಲಗಿರುತ್ತಿದ್ದ. ಹುಡುಕಿ ಸಾಕಾದ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದ್ದರಂತೆ. ಸಿಕ್ಕವರು ಮನೆಗೆ ತಂದು ಬಿಡಲಿ ಎಂದು.

ಆ ಹುಡುಗ ಶಾಲೆಯಿಂದ ಬರುವಾಗ ಅಂಗಡಿಯ ಮುಂದೆ ನಿಂತು ಉಸ್ತಾದ್ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳುತ್ತಿದ್ದ. ಝಿಂಝೋಟಿ ರಾಗದ ಅವರ ಠುಮರಿ ಅವನನ್ನು ಹಿಡಿದಿಟ್ಟಿತು. ತಾನೂ ಹೀಗೆ ಹಾಡಬೇಕು ಎಂಬ ಹಟ ಹುಟ್ಟಿತು. 1933ರಲ್ಲಿ, 11 ವರ್ಷದವನಿದ್ದಾಗ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ರೈಲಿನಲ್ಲಿ ಹಾಡು ಹಾಡಿ ಪ್ರಯಾಣಿಕರು ಕೊಟ್ಟದ್ದನ್ನು ತಿಂದು ಗ್ವಾಲಿಯರ್, ಕಲ್ಕತ್ತಾ, ದಿಲ್ಲಿ, ಜಲಂಧರ್ ಸುತ್ತಿದ. ಜಲಂಧರಿನಲ್ಲಿ ವಿನಾಯಕರಾವ್ ಪಟವರ್ಧನರು ಹೇಳಿದ ಮಾತು ಇದು: ನಿಮ್ಮ ಊರ ಹತ್ತಿರವೇ ಸವಾಯಿ ಗಂಧರ್ವರು ಇದ್ದಾರಲ್ಲ, ಅವರ ಬಳಿ ಹೋಗು.

ಕುಂದಗೋಳದ ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಖಾಸಾ ಶಿಷ್ಯರು. ಯಾವ ದನಿ ಕೇಳಿ ಹುಡುಗ ಉತ್ತರ ಹಿಂದುಸ್ತಾನವನ್ನೆಲ್ಲ ಅಲೆದನೋ ಆ ದನಿಯ ವಿದ್ಯೆ ಅವನ ಮನೆಯ ಹಿಂದೆಯೇ ಇತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1936ರ ಹೊತ್ತಿಗೆ ಅವರು ಕುಂದಗೋಳಕ್ಕೆ ಬಂದು ಶಿಷ್ಯರಾದರು. 1942ರಲ್ಲಿ, ಇನ್ನೂ 20 ವರ್ಷದವರಿದ್ದಾಗ, ಅವರದೇ ಭಕ್ತಿಗೀತೆಗಳ ಮೊದಲ ರೆಕಾರ್ಡನ್ನು ಎಚ್.ಎಂ.ವಿ. ಕಂಪನಿ ಹೊರತಂದಿತು. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು. 2011ರ ಜನವರಿ 24ರಂದು ಪುಣೆಯಲ್ಲಿ ನಿಧನರಾದರು. ಕೇಳುಗನಾಗಿ ಅಂಗಡಿಯ ಮುಂದೆ ನಿಂತವನ ದನಿ ಹತ್ತೇ ವರ್ಷದಲ್ಲಿ ತಟ್ಟೆಯ ಮೇಲೆ ಬಂದಿತ್ತು.

ತಟ್ಟೆಗೆ ಹೊಸ್ತಿಲಿಲ್ಲ

ಗಂಗೂಬಾಯಿ ಹಾನಗಲ್ಲರ (1913–2009) ಕಥೆಯಲ್ಲಿ ಇದೇ ತಟ್ಟೆ ಇನ್ನೊಂದು ಕೆಲಸ ಮಾಡಿತು. ಧಾರವಾಡದಲ್ಲಿ ಅವರು ಚಿಕ್ಕವರಿದ್ದಾಗ ಓಣಿಯಲ್ಲಿ ನಡೆದು ಹೋದರೆ ಜನ ‘ಗಾನೆವಾಲಿ’ ಎಂದು ಹಂಗಿಸುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದ ಹುಡುಗಿ ಇವರು. ಆ ದಿನ ಊಟಕ್ಕೆ ಎಲ್ಲಿ ತನ್ನನ್ನು ಬೇರೆ ಕೂಡಿಸುತ್ತಾರೋ ಎಂಬ ಅಂಜಿಕೆ ಅವರಿಗಿತ್ತು. 1930ರ ದಶಕದ ಆರಂಭದಲ್ಲಿ ಎಚ್.ಎಂ.ವಿ. ಅವರನ್ನು ಮುಂಬಯಿಗೆ ಕರೆಸಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ರೆಕಾರ್ಡು ಮಾಡಿತು. ಹುಡುಗಿಯನ್ನು ಹೊರಗೆ ನಿಲ್ಲಿಸುವ ಮನೆಗಳ ಪಡಸಾಲೆಗೆ ಅವಳ ದನಿ ನೇರವಾಗಿ ಹೋಯಿತು. ಜನರ ಮನಸ್ಸು ಇದರಿಂದ ಒಮ್ಮೆಲೇ ಬದಲಾಯಿತು ಎಂದು ಹೇಳಲಾಗದು. ಆದರೂ ಹಾಡಿದವರ ಕುಲ ಕೇಳದೆ ಹಾಡು ಕೇಳುವ ರೂಢಿಯನ್ನು ನಮ್ಮ ಜನಕ್ಕೆ ಹಚ್ಚಿದ್ದರಲ್ಲಿ ಈ ತಟ್ಟೆಯ ಪಾಲು ಇದೆ.

ಧಾರವಾಡದ ಬಳಿಯ ಮನ್ಸೂರಿನ ಮಲ್ಲಿಕಾರ್ಜುನ ಮನ್ಸೂರರು ನಾಟಕ ಕಂಪನಿಯಿಂದ ಬಂದವರು. 1930ರ ದಶಕದಲ್ಲಿ ಅವರ ತಟ್ಟೆಗಳೂ ಬಂದವು. ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಹಿಂದಿ ಚಿತ್ರದ ಹಾಡುಗಳಿಂದ ದೇಶದ ತುಂಬ ಹೆಸರಾದರು. ಅವರಕ್ಕ ಗೋಹರಬಾಯಿ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಹಾಡಿದರು. ಗದಗಿನಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮತ್ತು ಬಡ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಕೊಟ್ಟು ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದರು. ಅಲ್ಲಿ ಕಲಿತವರು ಸಂಗೀತ ಶಿಕ್ಷಕರಾಗಿ, ಪುರಾಣಕ್ಕೆ ಹಾಡುವವರಾಗಿ ಹಳ್ಳಿಹಳ್ಳಿಗೆ ಹೋದರು. ಹೀಗೆ ತಟ್ಟೆಯಲ್ಲಿ ಕೇಳಿದ ಹಾಡನ್ನು ಎದುರಿಗೆ ಕುಳಿತು ಕಲಿಸುವವರೂ ನಮಗೆ ಸಿಕ್ಕರು.

ಹಂದರದ ಸ್ಪೀಕರ್

1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಮನೆಯಲ್ಲಿ ಗ್ರಾಮಾಫೋನ್ ಇಲ್ಲದವರಿಗೂ ರೆಕಾರ್ಡು ಕೇಳಿಸಿತು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗದ ಸದ್ದಿನ ಜೊತೆ ರೇಡಿಯೋ ಸದ್ದು ಸೇರಿತು. ಅರಗಿನ ತಟ್ಟೆ ಹೋಗಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ತಟ್ಟೆ ಬಂದಿತು. ನಿಮಿಷಕ್ಕೆ 45 ಸುತ್ತಿನ ಸಣ್ಣ ಇ.ಪಿ., 33 ಚಿಲ್ಲರೆ ಸುತ್ತಿನ ದೊಡ್ಡ ಎಲ್.ಪಿ. ಎಲ್.ಪಿ.ಯ ಒಂದು ಮಗ್ಗಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಾಡು ಹಿಡಿಯುತ್ತಿತ್ತು. ಭೀಮಸೇನರಂಥವರಿಗೆ ರಾಗವನ್ನು ಬಿಡಿಸಿ ಹಾಡಲು ಆಗ ಜಾಗ ಸಿಕ್ಕಿತು.

ನಮ್ಮ ಶಾಲೆಯ ಮೊದಲ ವರ್ಷಗಳ ವಿದ್ಯಾರ್ಥಿಗಳು ಕೇಳಿದ್ದು ಈ ಕಾಲದ ಹಾಡು. ಮದುವೆ, ಜಾತ್ರೆ, ಗಣಪತಿ ಎಂದರೆ ಸ್ಪೀಕರಿನವನು ಬರಬೇಕು. ಹಂದರದ ಮೂಲೆಯಲ್ಲಿ ಅವನ ಮೇಜು. ಮೇಲೆ ರೆಕಾರ್ಡ್ ಪ್ಲೇಯರ್, ಪಕ್ಕದಲ್ಲಿ ತಟ್ಟೆಗಳ ಪೆಟ್ಟಿಗೆ, ಬೇವಿನ ಮರಕ್ಕೆ ಕಟ್ಟಿದ ಕಹಳೆ. ನಸುಕಿನಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ, ಆಮೇಲೆ ದಾಸರ ಪದ, ಬಿಸಿಲೇರಿದಂತೆ ರಾಜಕುಮಾರ್ ಚಿತ್ರಗಳ ಹಾಡು. ಹುಡುಗರು ಸುತ್ತ ನಿಂತು ತಟ್ಟೆ ತಿರುಗುವುದನ್ನೇ ನೋಡುತ್ತಿದ್ದರು. ‘ಮುಟ್ಟಬ್ಯಾಡ್ರಲೇ’ ಎಂದು ಗದರಿಸುವುದೂ ಅವನ ಕೆಲಸದಲ್ಲಿ ಒಂದು. ಟೂರಿಂಗ್ ಟಾಕೀಸಿನಲ್ಲೂ ಆಟಕ್ಕೆ ಮುಂಚೆ ದೇವರ ಹಾಡಿನ ರೆಕಾರ್ಡು ಹಾಕುತ್ತಿದ್ದರು. ಅದು ಕೇಳಿಸಿತೆಂದರೆ ಊಟ ಬಿಟ್ಟು ಓಡುವವರಿದ್ದರು. 1980ರ ದಶಕದಲ್ಲಿ ಕ್ಯಾಸೆಟ್ ಬಂದು ಈ ಪೆಟ್ಟಿಗೆಗಳು ಅಟ್ಟ ಸೇರಿದವು. ನನ್ನ ತಲೆಮಾರಿನವರು ಅವನ್ನು ನೋಡಿದ್ದು ಅಟ್ಟದ ಮೇಲೆಯೇ.

ತಟ್ಟೆಗೆ ಸಿಗದವರು

ಹೀಗೆ ನೋಡಿದರೆ ಹೆಮ್ಮೆ ಪಡಬೇಕಾದ ಇತಿಹಾಸವೇ. ಆದರೆ ಒಂದು ಮಾತು ಮರೆಯಬಾರದು. ತಟ್ಟೆಯಲ್ಲಿ ಉಳಿದವರು ಕಂಪನಿಯವರು ಕರೆದವರು, ಮುಂಬಯಿಗೆ ಹೋಗಿ ಹಾಡಿದವರು ಮಾತ್ರ. ಹಾಡಿದವರೆಲ್ಲ ಅಲ್ಲ.

ಶಿಶುನಾಳ ಶರೀಫ ಸಾಹೇಬರು 1889ರಲ್ಲಿ ತೀರಿಕೊಂಡರು. ಕಲ್ಕತ್ತೆಗೆ ಗೈಸ್‌ಬರ್ಗ್ ಬಂದದ್ದು 13 ವರ್ಷದ ನಂತರ. ಅವರ ಪದಗಳು ಜನರ ಬಾಯಲ್ಲಿ ಉಳಿದವು. ಅವರು ಹೇಗೆ ಹಾಡುತ್ತಿದ್ದರು ಎಂದು ಹೇಳುವವರಿಲ್ಲ. ಹತ್ತನೆಯ ತರಗತಿಯಲ್ಲಿ ಓದುವ ‘ಹಲಗಲಿಯ ಬೇಡರು’ ಲಾವಣಿಯನ್ನು ನೆನೆಯಿರಿ. 1857ರ ಆ ದಂಗೆಯ ಹಾಡನ್ನು ಜನರಿಂದ ಸಂಗ್ರಹಿಸಿ ಅಚ್ಚು ಮಾಡಿಸಿದವರು ಜಾನ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಅದರಿಂದ ಸಾಹಿತ್ಯ ಉಳಿಯಿತು. ಅಂದು ಅದನ್ನು ಹಾಡಿದವನ ಧಾಟಿ, ಎಲ್ಲಿ ಎತ್ತುತ್ತಿದ್ದ, ಎಲ್ಲಿ ಇಳಿಸುತ್ತಿದ್ದ ಎಂಬುದು ಕಾಗದಕ್ಕೆ ಸಿಗಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೇ ಆಗುತ್ತಿದೆ. ಸೋಬಾನೆ ಹೇಳುವ ಅಜ್ಜಿಯರು, ಅಲಾವಿ ಹಬ್ಬದ ಪದ ಹಾಡುವವರು, ಗೀಗೀ ಮೇಳದವರು, ಏಕಾದಶಿಗೆ ರಾತ್ರಿಯಿಡೀ ಭಜನೆ ಮಾಡುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಪ್ರತಿಯೊಬ್ಬರ ಕಿಸೆಯಲ್ಲೂ ದನಿ ಹಿಡಿಯುವ ಮೊಬೈಲ್ ಇರುವ ಈ ಕಾಲದಲ್ಲೂ ಅವರ ಹಾಡು ಹಿಡಿದಿಟ್ಟವರು ಕಡಿಮೆ.

ನಾವು ಮಾಡಬಹುದಾದದ್ದು

ಹಳೆಯ ವಿದ್ಯಾರ್ಥಿಗಳಲ್ಲಿ ಮತ್ತು ಊರ ಹಿರಿಯರಲ್ಲಿ ಎರಡು ವಿನಂತಿ.

ಮೊದಲನೆಯದು, ಅಟ್ಟದ ಮೇಲಿನ ತಟ್ಟೆಗಳನ್ನು ಗುಜರಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸಿಟ್ಟರೆ ಡೊಂಕಾಗುತ್ತವೆ, ಪುಸ್ತಕದಂತೆ ನಿಲ್ಲಿಸಿಡಿ. ಬಿಸಿಲಿಗೆ ಇಡಬೇಡಿ. 78 ಸುತ್ತಿನ ತಟ್ಟೆಯನ್ನು ಸ್ಪಿರಿಟ್ ಹಾಕಿ ಒರೆಸಬಾರದು, ಅರಗು ಕರಗುತ್ತದೆ; ಮೆತ್ತನೆಯ ಒಣಬಟ್ಟೆ ಸಾಕು. ಅದರ ಗೀರು ಎಲ್.ಪಿ.ಯ ಗೀರಿಗಿಂತ ಅಗಲ, ಆದ್ದರಿಂದ ಎಲ್.ಪಿ. ಮುಳ್ಳಿನಲ್ಲಿ ನುಡಿಸಬೇಡಿ. ಎರಡು ಬಗೆಯ ಮುಳ್ಳೂ ಈಗ ಸಿಗುತ್ತವೆ. ಒಮ್ಮೆ ಸರಿಯಾಗಿ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡರೆ ಎಷ್ಟು ಪ್ರತಿ ಬೇಕಾದರೂ ಮಾಡಬಹುದು. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮಂಥ ಹಳೆಯ ವಿದ್ಯಾರ್ಥಿಗಳು ರಜೆಗೆ ಊರಿಗೆ ಬಂದಾಗ ಇಷ್ಟು ಮಾಡಿಕೊಡುವುದು ಕಷ್ಟವಲ್ಲ.

ಎರಡನೆಯದು ಇದಕ್ಕಿಂತ ತುರ್ತಿನದು. ಈಗಿನ ವಿದ್ಯಾರ್ಥಿಗಳು ತಮ್ಮ ಮನೆಯ, ಓಣಿಯ ಹಾಡುಗಾರರ ಒಂದೊಂದು ಹಾಡನ್ನಾದರೂ ಮೊಬೈಲಿನಲ್ಲಿ ಹಿಡಿದು ಶಾಲೆಗೆ ತರಲಿ. ಫ್ಯಾನ್ ಆರಿಸಿ, ಫೋನನ್ನು ಹತ್ತಿರ ಇಟ್ಟು, ಹಾಡುವವರ ಅನುಮತಿ ಕೇಳಿ ಹಿಡಿಯಲಿ. ಹಾಡು ಮುಗಿದ ಮೇಲೆ ಅವರ ಹೆಸರು, ಊರು, ಆ ಹಾಡನ್ನು ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಲಿ. ಗೌಹರ್ ಜಾನ್ ತಮ್ಮ ಹೆಸರು ಹೇಳಿದ್ದರಿಂದಲೇ ಆ ತಟ್ಟೆ ಯಾರದೆಂದು ಇಂದೂ ಕೇಳಿದವರಿಗೆಲ್ಲ ತಿಳಿಯುತ್ತದೆ. ನಮ್ಮ ಅಜ್ಜಿಯರ ಹೆಸರೂ ಅವರ ಹಾಡಿನ ಜೊತೆ ಉಳಿಯಲಿ. ಶಾಲೆಯ ಗ್ರಂಥಾಲಯದಲ್ಲಿ ಇದಕ್ಕೊಂದು ಕಪಾಟು, ಒಂದು ಕಂಪ್ಯೂಟರ್, ಒಂದು ದಾಖಲೆ ಪುಸ್ತಕ ಇದ್ದರೆ ಸಾಕು. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆ ಈ ಕೆಲಸವನ್ನು ಈ ವರ್ಷವೇ ಶುರು ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.