ಕಲಿಯುವ ಎರಡು ವರ್ಷಕ್ಕೆ ಅನ್ನ ಕೊಟ್ಟವರು

ರಂಗಭೂಮಿಗೆ, ಸಿನಿಮಾಕ್ಕೆ ಬರುವ ಹುಡುಗ ಹುಡುಗಿಯರಿಗೆ ಪದವಿ ಮುಗಿದ ಮೇಲಿನ ಎರಡು ಮೂರು ವರ್ಷ ಬಹಳ ಕಠಿಣ. ಮನೆಯವರು ಸಂಬಳದ ದಾರಿ ನೋಡುತ್ತಿರುತ್ತಾರೆ. ಕಲೆಯಲ್ಲಿ ನಿಜವಾದ ಕಲಿಕೆ ಆಗಷ್ಟೇ ಶುರುವಾಗಿರುತ್ತದೆ. ಆ ಹೊತ್ತಿನಲ್ಲಿ ಯಾರು ಹಣ ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬುದರ ಮೇಲೆ ಕನ್ನಡ ನಾಟಕ ಮತ್ತು ಚಿತ್ರಗಳ ಚರಿತ್ರೆಯ ದೊಡ್ಡ ಭಾಗ ನಿಂತಿದೆ. ಕಂಪನಿ ನಾಟಕದ ಮಾಲೀಕರಿಂದ ಹಿಡಿದು ಇಂದು ಬೆಂಗಳೂರಿನ ಉತ್ತರ ಭಾಗದಲ್ಲಿ ನೆಲೆಸಿರುವ ಸಂಸ್ಥೆಗಳವರೆಗಿನ ಆ ಹಾದಿಯನ್ನು ಇಲ್ಲಿ ಗುರುತಿಸಲು ಹೊರಟಿದ್ದೇನೆ.

ಯಜಮಾನರ ಕಣ್ಣು, ಮನೆಯವರ ದುಡಿಮೆ

ಬಂಟ್ವಾಳದ ಕಡೆಯಿಂದ ಬಂದು ಗುಬ್ಬಿ ನಾಟಕ ಕಂಪನಿ ಸೇರಿದ ಬಿ.ವಿ. ಕಾರಂತರನ್ನು ಎಂ.ಎ. ಓದಲು ಕಾಶಿಗೆ ಕಳಿಸಿದವರು ಅದರ ಮಾಲೀಕ ಗುಬ್ಬಿ ವೀರಣ್ಣನವರು. ಕಾಶಿಯಲ್ಲಿ ಕಾರಂತರು ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತರು. ಮುಂದೆ ಕನ್ನಡ ರಂಗಸಂಗೀತದ ದಿಕ್ಕನ್ನೇ ಬದಲಿಸಿದ ಕಿವಿ ಅಲ್ಲಿ ಹದಗೊಂಡಿತು. ಅರ್ಜಿ ನಮೂನೆಯಾಗಲಿ, ಆಯ್ಕೆ ಸಮಿತಿಯಾಗಲಿ ಇಲ್ಲದ ಆ ಕಾಲದಲ್ಲಿ ಪ್ರತಿಭೆಯನ್ನು ಅಳೆದದ್ದು ಒಬ್ಬ ಯಜಮಾನರ ಕಣ್ಣು. ಆ ಕಣ್ಣಿಗೆ ಬೀಳದವರ ಗತಿಯೇನು ಎಂಬ ಪ್ರಶ್ನೆಗೆ ಆ ವ್ಯವಸ್ಥೆಯಲ್ಲಿ ಉತ್ತರವಿರಲಿಲ್ಲ.

ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಸೇರಿದಾಗ ಪತ್ನಿ ಪ್ರೇಮಾ ಕಾರಂತರು ಅಲ್ಲಿ ಶಾಲಾ ಶಿಕ್ಷಕಿಯಾಗಿ ದುಡಿದು ಸಂಸಾರ ನಡೆಸಿದರು. ಆಮೇಲೆ ತಾವೂ ಅದೇ ನಾಟಕ ಶಾಲೆಯಲ್ಲಿ ಕಲಿತು, 1983ರಲ್ಲಿ 'ಫಣಿಯಮ್ಮ' ಚಿತ್ರ ನಿರ್ದೇಶಿಸಿದರು. ಕಲಾವಿದರ ಕಲಿಕೆಗೆ ಮನೆಯ ಹೆಣ್ಣುಮಕ್ಕಳು ಸಲ್ಲಿಸಿದ ಇಂಥ ವಿದ್ಯಾರ್ಥಿವೇತನ ಯಾವ ಸಂಸ್ಥೆಯ ವಾರ್ಷಿಕ ವರದಿಯಲ್ಲೂ ಸಿಗುವುದಿಲ್ಲ.

ಸರ್ಕಾರಿ ಶಾಲೆಗಳು ತೆರೆದ ಬಾಗಿಲು

1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆ, 1960ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾದವು. ಪದವೀಧರರನ್ನು ಸೇರಿಸಿಕೊಂಡು ಮೂರು ವರ್ಷ ಪೂರ್ಣಾವಧಿ ತರಬೇತಿ ಕೊಡುವ ನಾಟಕ ಶಾಲೆಯ ಡಿಪ್ಲೊಮಾಕ್ಕೆ ಎಂ.ಎ.ಗೆ ಸಮನಾದ ಮಾನ್ಯತೆ ಇದೆ. ಅದಕ್ಕಿಂತ ಮುಖ್ಯವಾದದ್ದು ಅಲ್ಲಿನ ಮಾಸಿಕ ವಿದ್ಯಾರ್ಥಿವೇತನ. ಊಟ, ವಸತಿಯ ಚಿಂತೆ ತಗ್ಗಿದ್ದರಿಂದಲೇ ಕರ್ನಾಟಕದ ಸಣ್ಣ ಊರುಗಳ ಯುವಕ ಯುವತಿಯರು ದೆಹಲಿಯ ಕನಸು ಕಾಣುವುದು ಸಾಧ್ಯವಾಯಿತು. ಬಿ. ಜಯಶ್ರೀ, ಪ್ರಸನ್ನ, ಸಿ.ಆರ್. ಜಂಬೆ, ಕೆ.ವಿ. ಅಕ್ಷರ ಈ ಹಾದಿಯಲ್ಲಿ ಬಂದವರು. ಔಷಧಶಾಸ್ತ್ರ ಓದಿದ್ದ ಗಿರೀಶ ಕಾಸರವಳ್ಳಿ ಪುಣೆಯಲ್ಲಿ 1975ರಲ್ಲಿ ಕಲಿಕೆ ಮುಗಿಸಿದರು. ಎರಡೇ ವರ್ಷದಲ್ಲಿ 'ಘಟಶ್ರಾದ್ಧ' ಬಂದು ಸ್ವರ್ಣಕಮಲ ಪಡೆಯಿತು.

ಈ ವೇತನದ ನಿಜವಾದ ಬಡ್ಡಿ ಸಂದದ್ದು ಕನ್ನಡಕ್ಕೆ. ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ತೆರೆದಾಗ ಅಲ್ಲಿ ಪಾಠ ಹೇಳಲು ದೆಹಲಿಯಲ್ಲಿ ಕಲಿತವರಿದ್ದರು. ಕಲಿತು ಹೊರಬಂದವರಿಗೆ ಕೆಲಸ ಬೇಕಲ್ಲ, ಅದಕ್ಕೆ 1985ರಲ್ಲಿ 'ತಿರುಗಾಟ' ಎಂಬ ನೀನಾಸಂನ ಸಂಚಾರಿ ನಾಟಕ ತಂಡ ಹೊರಟಿತು. 1989ರಲ್ಲಿ ಕಾರಂತರ ನೇತೃತ್ವದಲ್ಲಿ ಮೈಸೂರಿನ ರಂಗಾಯಣ, 2008ರಲ್ಲಿ ಸಾಣೇಹಳ್ಳಿಯ ರಂಗಪ್ರಯೋಗಶಾಲೆ ಬಂದವು. ಒಬ್ಬರ ಕಲಿಕೆಗೆ ಕೊಟ್ಟ ಹಣ ಹತ್ತಾರು ಜನರ ಕಲಿಕೆಯಾಗಿ ಬೆಳೆದ ಬಗೆ ಇದು.

ಸಿನಿಮಾದ ತಂತ್ರಜ್ಞರಿಗೆ ಬೆಂಗಳೂರಿನಲ್ಲೇ ಪುಣೆಯದಕ್ಕಿಂತ ಹಳೆಯ ನೆಲೆಯಿತ್ತು. ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣ ಕಲಿಸುತ್ತಿದ್ದರು. ಗುರುದತ್ತರ 'ಕಾಗಜ್ ಕೆ ಫೂಲ್' ಚಿತ್ರದ ಬೆಳಕನ್ನು ರೂಪಿಸಿದ ವಿ.ಕೆ. ಮೂರ್ತಿ, ಅನಂತರ ಗೋವಿಂದ ನಿಹಲಾನಿ ಅಲ್ಲಿ ಕಲಿತವರು. ಆ ವಿಭಾಗವೇ ಬೆಳೆದು ಇಂದು ಯಲಹಂಕದಾಚೆ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾಗಿದೆ.

ಫೆಲೋಶಿಪ್‌ಗಳ ಕಾಲ

ತರಗತಿಯ ಹೊರಗೆ ಕಲಾವಿದನಿಗೆ ಬಿಡುವು ಕೊಟ್ಟ ಹಣದ ಕಥೆಯೇ ಬೇರೆ. ಗಿರೀಶ ಕಾರ್ನಾಡರು 1960ರಲ್ಲಿ ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡ್‌ಗೆ ಹೋದರು. ಮರಳಿ ಬಂದು ಮದ್ರಾಸಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಏಳು ವರ್ಷ ಕೆಲಸ ಮಾಡಿದರು. ಆಮೇಲೆ ಅವರು ನೌಕರಿ ಬಿಟ್ಟು ಬರೆಯಲು ನೆರವಾದದ್ದು 1970ರಿಂದ 72ರವರೆಗಿನ ಹೋಮಿ ಭಾಭಾ ಫೆಲೋಶಿಪ್. 'ಹಯವದನ' ಆ ಅವಧಿಯ ಫಸಲು. 1987ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅವರು ಷಿಕಾಗೋದಲ್ಲಿ ಕಳೆದ ವರ್ಷವೂ 'ನಾಗಮಂಡಲ'ಕ್ಕೆ ಅಮೆರಿಕದ ರಂಗದ ದಾರಿ ತೋರಿತು. ಇಂಗ್ಲೆಂಡಿನಲ್ಲಿ ಕಲಿಯಬಯಸುವವರಿಗೆ 1981ರಿಂದ ಚಾರ್ಲ್ಸ್ ವಾಲೇಸ್ ಟ್ರಸ್ಟ್ ಇದೆ. ಇವೆಲ್ಲ ಬೆಲೆಯುಳ್ಳ ನೆರವುಗಳು. ಆದರೆ ಇಂಗ್ಲಿಷಿನಲ್ಲಿ ತನ್ನ ಕನಸನ್ನು ಸೊಗಸಾಗಿ ಹೇಳಬಲ್ಲವರಿಗೇ ಇವು ಹತ್ತಿರ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಯೋಜನೆಗಳ ಹರವು ಇನ್ನೂ ವಿಶಾಲ. 18ರಿಂದ 25 ವರ್ಷದ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ವಿದ್ಯಾರ್ಥಿವೇತನ. 25 ದಾಟಿದವರಿಗೆ 10,000ದ ಕಿರಿಯ ಫೆಲೋಶಿಪ್, 40 ದಾಟಿದವರಿಗೆ 20,000ದ ಹಿರಿಯ ಫೆಲೋಶಿಪ್. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ರಂಗಭೂಮಿ ಇದೆ, ಸಿನಿಮಾ ಇಲ್ಲ. 5,000 ರೂಪಾಯಿ ಇವತ್ತು ಹೆಬ್ಬಾಳದಲ್ಲೋ ಯಲಹಂಕದಲ್ಲೋ ಒಂದು ಕೋಣೆಯ ಬಾಡಿಗೆಗೇ ಸಾಲುವುದು ಕಷ್ಟ.

ಆರ್‌ಎಂವಿ ಬಡಾವಣೆಯಿಂದ ಹೊಸ ಮಾದರಿ

1993ರಲ್ಲಿ ಸ್ಥಾಪನೆಯಾಗಿ 1995ರಿಂದ ಅನುದಾನ ಕೊಡುತ್ತ ಬಂದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇರುವುದು ಹೆಬ್ಬಾಳ ಮತ್ತು ಆರ್.ಟಿ. ನಗರಗಳಿಗೆ ಕೂಗಳತೆಯ ಆರ್‌ಎಂವಿ ಎರಡನೇ ಹಂತದಲ್ಲಿ. ರಂಗನಿರ್ದೇಶಕ ಅನ್ಮೋಲ್ ವೆಲ್ಲಾನಿ ಕಟ್ಟಿ ಬೆಳೆಸಿದ ಈ ಸಂಸ್ಥೆ ಸಂಶೋಧನೆಗೂ ಪ್ರಯೋಗಕ್ಕೂ ನೆರವು ಕೊಡುತ್ತದೆ. 'ಕಲಿ-ಕಲಿಸು' ಯೋಜನೆಯಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಅನುದಾನ ಸಿಕ್ಕಿದೆ. ಭಾರತೀಯ ಭಾಷೆಗಳಲ್ಲೂ ಪ್ರಸ್ತಾವ ಬರೆಯಬಹುದು ಎಂಬ ಇದರ ನಿಲುವು ದೊಡ್ಡದು; ಕನ್ನಡದಲ್ಲೇ ಯೋಚಿಸುವ ಕಲಾವಿದ ಇಲ್ಲಿ ಅನುವಾದಕರನ್ನು ಹುಡುಕಬೇಕಿಲ್ಲ.

ಇಂಥ ಸ್ವತಂತ್ರ ನಿಧಿಗಳು ಬೇರೆಡೆಯೂ ಹುಟ್ಟಿವೆ. ಅರಬ್ ದೇಶಗಳ ನಾಟಕ, ಸಿನಿಮಾ ಕಲಾವಿದರಿಗಾಗಿ 2007ರಲ್ಲಿ ಸ್ಥಾಪನೆಯಾಗಿ ಬೈರೂತಿನಿಂದ ಕೆಲಸ ಮಾಡುವ ಅರಬ್ ಕಲಾ ಸಂಸ್ಕೃತಿ ನಿಧಿ ಅದಕ್ಕೆ ಉದಾಹರಣೆ. ಸರ್ಕಾರದ ಮರ್ಜಿಗೂ ಮಾರುಕಟ್ಟೆಯ ಒತ್ತಡಕ್ಕೂ ಸಿಗದ ಒಂದಿಷ್ಟು ಜಾಗ ಕಲಾವಿದರಿಗೆ ಎಲ್ಲ ಕಡೆಯೂ ಬೇಕಾಗಿದೆ. ಆದರೆ ಇಂಥ ನಿಧಿಗಳ ಹಣದ ಬಹುಭಾಗ ಒಂದು ಕೃತಿಗೆ, ಒಂದು ಸಂಶೋಧನೆಗೆ, ಒಂದು ಯೋಜನೆಗೆ ಸಿಗುತ್ತದೆ. ಕೃತಿ ಮಾಡುವ ಮುಂಚಿನ ಕಲಿಕೆಗೆ, ತಪ್ಪು ಮಾಡುತ್ತ ಬೆಳೆಯುವ ಎರಡು ವರ್ಷಕ್ಕೆ ಸಿಗುವುದು ಕಡಿಮೆ. ಎಂಬತ್ತು ವರ್ಷದ ಈ ಹಾದಿಯಲ್ಲಿ ನನಗೆ ಎದ್ದು ಕಾಣುವ ಕೊರತೆ ಇದೇ.

ಯಾರ ಮಕ್ಕಳು ಕಲಿಯಬೇಕು?

ಈ ಕೊರತೆಯ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಯಲಹಂಕದಲ್ಲಿ 1996ರಲ್ಲಿ ಶುರುವಾದ ಸೃಷ್ಟಿಯಂಥ ಖಾಸಗಿ ಕಲಾಶಿಕ್ಷಣ ಸಂಸ್ಥೆಗಳ ಶುಲ್ಕ ಕೂಲಿ ಕುಟುಂಬಕ್ಕೆ ದೂರದ ಮಾತು. ಪರಿಶಿಷ್ಟ ಜಾತಿಯ ಬಡ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮಗಳು 2022ರಲ್ಲಿ ಬದಲಾದವು. ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆಯ ವಿಷಯಗಳನ್ನು ಆಯ್ದುಕೊಂಡವರಿಗೆ ಆ ಬಾಗಿಲು ಮುಚ್ಚಿತು. ತನ್ನ ಕೇರಿಯ ಕಲೆಯನ್ನು ಜಗತ್ತಿನ ರಂಗವಿದ್ಯೆಯ ಜೊತೆಗಿಟ್ಟು ಓದಬೇಕೆಂದಿರುವ ದಲಿತ ಹುಡುಗಿಗೆ ಇದು ಅನ್ಯಾಯ.

ನಮ್ಮ ಕೈಯಲ್ಲೇ ಆಗಬಹುದಾದ ಕೆಲಸವೂ ಇದೆ. ಹೆಸರಘಟ್ಟದಲ್ಲಿ ಸರ್ಕಾರದ ಸಿನಿಮಾ ಶಾಲೆ ಇದೆ. ಯಶವಂತಪುರದ ಬಳಿಯ ನಂದಿನಿ ಬಡಾವಣೆಯಲ್ಲಿ 2009ರಲ್ಲಿ ರೂಪುಗೊಂಡ ಕರ್ನಾಟಕ ಚಲನಚಿತ್ರ ಅಕಾಡೆಮಿಯ ಕಚೇರಿ ಇದೆ. ಆರ್‌ಎಂವಿ ಬಡಾವಣೆಯಲ್ಲಿ ಅನುದಾನ ಹಂಚಿದ ಮೂರು ದಶಕದ ಅನುಭವ ಇದೆ. ಇವನ್ನು ಕೂಡಿಸಿ, ಪದವಿ ಮುಗಿಸಿದವರಿಗೆ ಎರಡು ವರ್ಷದ ಕನ್ನಡ ರಂಗಭೂಮಿ ಮತ್ತು ಸಿನಿಮಾ ವಿದ್ಯಾರ್ಥಿವೇತನವೊಂದನ್ನು ರಾಜ್ಯ ಸರ್ಕಾರ ಕಟ್ಟಬೇಕು. ಅರ್ಜಿ, ಸಂದರ್ಶನ ಕನ್ನಡದಲ್ಲೇ ನಡೆಯಲಿ. ಮೊತ್ತ ನಗರದ ಬಾಡಿಗೆ, ಊಟದ ಲೆಕ್ಕಕ್ಕೆ ಹೊಂದಲಿ, ಪ್ರತಿ ತಿಂಗಳೂ ಕೈಸೇರಲಿ. ವೇತನ ಪಡೆದವರು ಕೊನೆಯ ಆರು ತಿಂಗಳು ಸರ್ಕಾರಿ ಕಾಲೇಜುಗಳಲ್ಲಿ ಕಲಿಸಲಿ. ದೆಹಲಿಯಲ್ಲಿ ಕಲಿತವರು ಹೆಗ್ಗೋಡಿಗೆ ಬಂದು ಕಲಿಸಿದ್ದರಿಂದ ಕನ್ನಡಕ್ಕೆ ಎಷ್ಟು ದಕ್ಕಿತೆಂಬುದು ನಮ್ಮ ಕಣ್ಣಮುಂದಿದೆ. ಅದನ್ನು ಇನ್ನೊಮ್ಮೆ ಆಗಮಾಡಲು ಬೇಕಾದ ಹಣ ಒಂದು ಮೇಲ್ಸೇತುವೆಯ ಖರ್ಚಿಗಿಂತ ಎಷ್ಟೋ ಕಡಿಮೆ.