ಹಿಮಕುಸಿತ: ಚಾರಣಿಗರು ತಿಳಿದಿರಬೇಕಾದದ್ದು

ಹಿಮ ಸುರಿಯುವುದಕ್ಕೂ ಹಿಮರಾಶಿ ಜಾರಿ ಬೀಳುವುದಕ್ಕೂ ನಮ್ಮ ಪತ್ರಿಕೆಗಳು ‘ಹಿಮಪಾತ’ ಎಂಬ ಒಂದೇ ಪದ ಬಳಸುವುದುಂಟು. ಚಳಿಗಾಲದಲ್ಲಿ ಹಿಮಾಲಯಕ್ಕೆ ಹೊರಡುವವರಿಗೆ ಈ ಗೊಂದಲ ದುಬಾರಿಯಾದೀತು. ಹಿಮ ಸುರಿದು ನಿಂತು, ಆಕಾಶ ತಿಳಿಯಾದ ಮೊದಲ ಒಂದೆರಡು ದಿನಗಳಲ್ಲೂ ಕುಸಿತದ ಅಪಾಯ ತೀವ್ರವಾಗಿಯೇ ಇರುತ್ತದೆ.

ಹವಾಮಾನ ಇಲಾಖೆ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎನ್ನುವ, ಮೆಡಿಟರೇನಿಯನ್ ಕಡೆಯಿಂದ ಬರುವ ವಾಯುಭಾರ ಕುಸಿತಗಳು ಚಳಿಗಾಲದುದ್ದಕ್ಕೂ ಹಿಮಾಲಯದಲ್ಲಿ ಪದರ ಪದರವಾಗಿ ಹಿಮ ಸುರಿಸುತ್ತವೆ. ನಡುವಿನ ಚಳಿಯ ರಾತ್ರಿಗಳಲ್ಲಿ ಹಳೆಯ ಪದರ ಅಂಟು ಕಳೆದುಕೊಂಡು ಸಕ್ಕರೆಯ ಹರಳಿನಂತೆ ಉದುರುದುರಾಗುತ್ತದೆ. ಅದರ ಮೇಲೆ ಗಾಳಿ ಒತ್ತಿ ಕೂರಿಸಿದ ಹೊಸ ಹಿಮ ಚಪ್ಪಡಿಯಂತೆ ನಿಂತಿರುತ್ತದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬನ ಭಾರ ಬಿದ್ದರೂ ಇಡೀ ಚಪ್ಪಡಿ ಕಿತ್ತುಬರಬಹುದು. ಚಾರಣಿಗರನ್ನು ಬಲಿ ಪಡೆಯುವ ಕುಸಿತಗಳಲ್ಲಿ ಸುಮಾರು ಶೇ 90ರಷ್ಟಕ್ಕೆ ಅವರ ಅಥವಾ ಸಂಗಡಿಗರ ಹೆಜ್ಜೆಯೇ ಕಾರಣ. ಕಾಲಡಿ ‘ಧುಂ’ ಎಂಬ ಸದ್ದು ಕೇಳಿದರೆ, ಬಿರುಕು ಕಂಡರೆ ಹಿಂದಿರುಗುವುದೊಂದೇ ದಾರಿ.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದಲ್ಲಿ ಹತ್ತು ಯೋಧರು ಹೂತುಹೋದರು. ಅವರಲ್ಲಿ ಮೂವರು ಕನ್ನಡಿಗರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕರೂ ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ನಾಡೇ ಕಣ್ಣೀರಿಟ್ಟ ಈ ಘಟನೆಯಿಂದ ತಪ್ಪು ಭರವಸೆ ತಳೆಯಬಾರದು. ಹಿಮದಡಿ ಸಿಲುಕಿದವರಲ್ಲಿ ಮೊದಲ 10-15 ನಿಮಿಷದೊಳಗೆ ಹೊರತೆಗೆದವರೇ ಹೆಚ್ಚಾಗಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಉಸಿರುಗಟ್ಟಿ ಸಾಯುವವರೇ ಬಹಳ. ಯಾವ ಹೆಲಿಕಾಪ್ಟರ್ ಕೂಡ ಅಷ್ಟರಲ್ಲಿ ತಲುಪುವುದಿಲ್ಲ. ಆದ್ದರಿಂದ ತಂಡದ ಪ್ರತಿಯೊಬ್ಬರ ಬಳಿಯೂ ಸಂಕೇತ ಕಳಿಸುವ-ಗ್ರಹಿಸುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಸಲಾಕೆ, ಸಲಿಕೆ ಇರಬೇಕು. ಒಬ್ಬನ ಬಳಿ ಮಾತ್ರ ಇದ್ದರೆ ಹುಡುಕುವವರು ಯಾರು?

ಬಿಡಾರ ಹೂಡುವ ಜಾಗವೂ ಮುಖ್ಯ. 2025ರ ಫೆಬ್ರುವರಿ 28ರಂದು ಉತ್ತರಾಖಂಡದ ಮಾಣಾ ಬಳಿ ಗಡಿ ರಸ್ತೆ ಕಾರ್ಮಿಕರ ಶಿಬಿರದ ಮೇಲೆ ಹಿಮ ಕುಸಿದು ಎಂಟು ಮಂದಿ ಸತ್ತರು. ಕಡಿದಾದ ಇಳಿಜಾರಿನ ಬುಡ ಸಮತಟ್ಟಾಗಿದ್ದ ಮಾತ್ರಕ್ಕೆ ಸುರಕ್ಷಿತವಲ್ಲ.

ಡಿಆರ್‌ಡಿಒ ಅಧೀನದ ಡಿಜಿಆರ್‌ಇ ಹಿಮಕುಸಿತದ ಮುನ್ಸೂಚನೆ ನೀಡುತ್ತದೆ. ಅಂತರರಾಷ್ಟ್ರೀಯವಾಗಿ ಅಪಾಯವನ್ನು ಐದು ಹಂತಗಳಲ್ಲಿ ಹೇಳುವುದು ರೂಢಿ. ಯುರೋಪಿನ ಆಲ್ಪ್ಸ್‌ನಲ್ಲಿ ಹೆಚ್ಚಿನ ಸಾವುಗಳು ಸಂಭವಿಸುವುದು ಮಧ್ಯದ ಮೂರನೆಯ ಹಂತದಲ್ಲಿ. ನಾಲ್ಕು, ಐದು ಎಂದರೆ ಬಹುತೇಕರು ಹೊರಗೆ ಕಾಲಿಡುವುದೇ ಇಲ್ಲ.